ಬಾಗಿಲು ಹಾಕುವ ದೃಶ್ಯ

ಸಿನಿಮಾ ಮಾಡುವುದು ಕಷ್ಟ ಎಂದು ನನಗೆ ಹೇಳಿದವರೆಲ್ಲ ಸಿನಿಮಾ ಮಾಡದವರು. ತೀರ್ಥಹಳ್ಳಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಬ್ಬಿಬ್ಬರು ಸೇರಿ ಒಂದು ಕಿರುಚಿತ್ರ ಮಾಡಬೇಕು ಎಂದು ಮೇಡಂ ಹೇಳಿದಾಗ ಕ್ಲಾಸಿನಲ್ಲಿ ಅರ್ಧ ಜನ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಮಾತ್ರ ಹಿಗ್ಗಿದೆ. ಸಾಗರದ ನಮ್ಮ ಮನೆಯಲ್ಲಿ ಉಪನಯನವಿರಲಿ, ಸೀಮಂತವಿರಲಿ, ವಿಡಿಯೊ ತೆಗೆದು, ಕತ್ತರಿಸಿ, ಹಾಡು ಕೂರಿಸಿ, ನೆಂಟರು ಕೈ ತೊಳೆಯುವುದರೊಳಗೆ ಅವರ ಮೊಬೈಲಿಗೆ ಕಳಿಸುತ್ತಿದ್ದವಳು ನಾನೇ. ಯಾರ ಕಣ್ಣು ಮುಚ್ಚಿದೆ, ಯಾರ ಸೆರಗು ಜಾರಿದೆ ಎಂಬುದನ್ನೆಲ್ಲ ಒಂದು ಕಟ್‌ನಲ್ಲಿ ಮುಚ್ಚಿಹಾಕಬಲ್ಲೆ ಎಂಬ ಜಂಬ ನನಗಿತ್ತು, ಈಗಲೂ ಇದೆ.

ಕಥೆ ನನ್ನ ಜೊತೆಗಾತಿಯದು. ಅವಳ ಊರು ಕವಲೇದುರ್ಗದ ಬುಡದಲ್ಲಿ. ಅವಳ ಅಜ್ಜ ಅಜ್ಜಿ ಹಿಂದೆ ಒಬ್ಬ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅಜ್ಜ ಅರ್ಜಿ ಹಾಕಿದರು. ಅದಾದ ಮೇಲೂ ಅಜ್ಜಿ, ಪ್ರತಿ ವರ್ಷದಂತೆ, ಮೊದಲು ಕೊಯ್ದ ಸೌತೆಕಾಯಿಗಳನ್ನು ಒಡೆಯರ ಮನೆಗೆ ಹೊತ್ತುಕೊಂಡು ಹೋದರು. ಅಲ್ಲಿಯ ಅಮ್ಮನವರಿಗೂ ಇವರಿಗೂ ಮೊದಲಿನಿಂದ ಸಲಿಗೆ. ಆ ದಿನ ಅಮ್ಮನವರು ಹೊರಗೆ ಬಂದು, ಅಂಗಳದಲ್ಲಿ ನಿಂತ ಅಜ್ಜಿಯ ಮುಖ ನೋಡಿ, ಮಾತಿಲ್ಲದೆ ಬಾಗಿಲು ಹಾಕಿಕೊಂಡರು. ಬೈದಿದ್ದರೂ ಆಗುತ್ತಿತ್ತು ಎಂದು ಅಜ್ಜಿ ಈಗಲೂ ಹೇಳುತ್ತಾರಂತೆ. ಸಿನಿಮಾ ಮಾಡುತ್ತೇವೆ ಅಂದಾಗ ಅಜ್ಜಿ ಒಪ್ಪಿದ್ದು ಒಂದೇ ಮಾತಿನ ಮೇಲೆ: ನಡೆದದ್ದು ನಡೆದ ಹಾಗೆ ಇರಬೇಕು. ಮೊದಲು ತಾನು ನೋಡಬೇಕು, ತಾನು ಹೂಂ ಅಂದರೆ ಮಾತ್ರ ಅದು ಕಾಲೇಜಿಗೆ ಹೋಗಬೇಕು. ಜೊತೆಗಾತಿ ಅಜ್ಜಿಯ ಕೈಮುಟ್ಟಿ ಮಾತು ಕೊಟ್ಟು ಬಂದಿದ್ದಳು.

ಅಜ್ಜಿಯ ಪಾತ್ರ ಅವಳೇ ಮಾಡುವುದು ಎಂದಾಯಿತು. ಅಮ್ಮನವರ ಪಾತ್ರಕ್ಕೆ ನಾನು ಮೇಳಿಗೆಯ ಹತ್ತಿರ ಮದುವೆಯಾಗಿ ಹೋಗಿದ್ದ ನನ್ನ ಸೋದರತ್ತೆಯನ್ನು ಹಿಡಿದೆ. ಹಳೇ ಬಾಗಿಲಿನ ಮನೆ, ಗಟ್ಟಿ ದನಿ, ನೆಟ್ಟಗಿನ ಮೂಗು. ಊರಿನ ಮಹಿಳಾ ಮಂಡಳಿಯ ನಾಟಕಗಳಲ್ಲಿ ಅತ್ತೆ ರಾಜನ ಪಾತ್ರ ಬಿಟ್ಟು ಬೇರೆ ಮಾಡಿದವಳಲ್ಲ. ಅವಳಿಗೆ ಇಲ್ಲಿ ಮಾತೇ ಇಲ್ಲ. ಬರಬೇಕು, ನೋಡಬೇಕು, ಬಾಗಿಲು ಹಾಕಬೇಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸುತ್ತೇವೆ ಎಂದುಕೊಂಡು ಟ್ರೈಪಾಡ್ ನಿಲ್ಲಿಸಿ, ಇಬ್ಬರ ಸೆರಗಿಗೂ ಸಣ್ಣ ಮೈಕ್ ಸಿಕ್ಕಿಸಿ, ಆಕ್ಷನ್ ಅಂದೆ.

ಜೊತೆಗಾತಿ ಅಜ್ಜಿಯ ಹಳೇ ಸೀರೆ ಉಟ್ಟು, ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡಳು. ಅತ್ತೆ ಹೊರಗೆ ಬಂದಳು, ನೋಡಿದಳು. "ಬಂದ್ಯಾ? ಕೂತ್ಕೋ, ಆಸ್ರಿಗೆ ಎಂತ ತರ್ಲಿ?"

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೇಳಬೇಕು. ಬೆಲ್ಲ ನೀರೋ, ಮಜ್ಜಿಗೆಯೋ, ಪಾನಕವೋ, ಏನಾದರೂ ಕುಡಿಯಲು. ಜಗಳ ಆಡಲು ಬಂದವರೂ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಜಗಳ ಶುರುಮಾಡುತ್ತಾರೆ. ಮೊದಲ ಸಲ ಎಲ್ಲರೂ ನಕ್ಕೆವು. ಮತ್ತೆ ತೆಗೆದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೆ ಇನ್ನೊಂದು ಕೈ ತಾನಾಗಿಯೇ ಜಗಲಿಯ ಕಡೆ ತೋರಿಸಿ ಕೂರಲು ಹೇಳಿತು. ಇನ್ನೊಂದರಲ್ಲಿ ಬಾಗಿಲು ಚೆನ್ನಾಗಿಯೇ ಹಾಕಿದಳು. ನಾನು ಭೇಷ್ ಅನ್ನುವುದರೊಳಗೆ ಅದೇ ಬಾಗಿಲಿನ ಸಂದಿಯಿಂದ ತಲೆ ಹೊರಗೆ ಹಾಕಿ, "ಮಜ್ಜಿಗೆ ಅಕ್ಕಾ?" ಅಂದಳು, ಆಗಬಹುದಾ ಎಂಬಂತೆ.

"ಅತ್ತೆ, ನೀನು ಸಿಟ್ಟಿನಲ್ಲಿದ್ದೀಯ!" ಎಂದು ನಾನು ಕೂಗಿದೆ.

"ಸಿಟ್ಟು ಬಂದ್ರೂ ಬಿಸ್ಲಲ್ಲಿ ಬಂದವ್ಕೆ ಕೇಳದೆ ಇಪ್ಪದು ಹೆಂಗೆ ಕೂಸೆ? ನನ್ನ ಬಾಯಿ ನನ್ನ ಮಾತು ಕೇಳ್ತಿಲ್ಲೆ."

ಜೊತೆಗಾತಿ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಬುಟ್ಟಿ ಎತ್ತಿಕೊಳ್ಳುತ್ತಾ, "ನಮ್ಮಜ್ಜಿಗೆ ಯಾರೂ ಕೇಳ್ಲಿಲ್ಲ ಕಣೆ," ಅಂದಳು, ನನಗೆ ಮಾತ್ರ ಕೇಳುವ ಹಾಗೆ.

ನಾನು ಹೆದರಲಿಲ್ಲ. ಎಡಿಟಿಂಗ್ ಇರುವುದು ಯಾತಕ್ಕೆ? ಒಂದು ಟೇಕ್‌ನಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದು ಅತ್ತೆ ಹುಬ್ಬು ಗಂಟಿಕ್ಕಿ ಸರ್ರನೆ ಒಳಗೆ ತಿರುಗಿದ್ದಳು. ಹಾಸ್ಟೆಲಿಗೆ ಬಂದು ಜೊತೆಗಾತಿಯ ಬಾಡಿದ ಮುಖದ ಪಕ್ಕ ಆ ಹುಬ್ಬನ್ನು ಇಟ್ಟೆ. ಬಾಗಿಲು ಹಾಕುವ ಕೈ ಮಾತ್ರ ಹತ್ತಿರದಿಂದ ಬೇಕಿತ್ತು. ಅಲ್ಲಿಂದ ಹೊರಡುವ ಮುಂಚೆ ಅತ್ತೆಯ ಬಳೆ ಹಾಕಿಕೊಂಡು ನನ್ನದೇ ಕೈ ತೆಗೆದುಕೊಂಡಿದ್ದೆ. ಅವಳ ಉಪಚಾರದ ಮಾತನ್ನೆಲ್ಲ ಮ್ಯೂಟ್ ಮಾಡಿ, ಪಕ್ಕದ ಮನೆಯ ಮಿಕ್ಸಿಯ ಸದ್ದನ್ನು ಅಳಿಸಿ, ಒಂದು ಕಾಗೆ ಕೂಗಿಸಿದೆ. ಆ್ಯಪ್‌ನಲ್ಲಿ ಓಡಿಸಿ ನೋಡಿದರೆ ಅತ್ತೆ ಕಲ್ಲಿನಂಥ ಹೆಂಗಸಾಗಿದ್ದಳು. ಅಷ್ಟು ಚೆನ್ನಾಗಿ ಬಂದಿತ್ತು.

ಮುಂದಿನ ಭಾನುವಾರ ಇಬ್ಬರೂ ಹೋಗಿ ಅದನ್ನು ಅತ್ತೆಗೆ ತೋರಿಸಿದೆವು. ಹೊಗಳಿಕೆಗೆ ಕಾದಿದ್ದೆ ನಾನು. ಅತ್ತೆ ಕನ್ನಡಕ ತೆಗೆದಿಟ್ಟಳು.

"ಇದು ನಾನಲ್ಲ. ಹಾಲು ಉಕ್ಕಿತು ಹೇಳಿ ಒಳಗೆ ಹೋದದ್ದು ನಾನು. ಈ ಕೈಯೂ ನಂದಲ್ಲ."

"ಸಿನಿಮಾ ಅಂದ್ರೆ ಹಂಗೇ ಅತ್ತೆ."

"ನಂಗೂ ಇದು ಬೇಡ," ಅಂದಳು ಜೊತೆಗಾತಿ. ನನಗೆ ಸಿಟ್ಟು ನೆತ್ತಿಗೇರಿತು. ಯಾರಿಗಾಗಿ ಕಣ್ಣು ಉರಿಯುವವರೆಗೆ ಕೂತು ಕತ್ತರಿಸಿದ್ದೆನೋ ಅವಳೇ ಬೇಡ ಅನ್ನುವುದೇ? ಅವಳು ನನ್ನನ್ನು ನೋಡದೆ ಅತ್ತೆಗೆ ಹೇಳಿದಳು: "ನಮ್ಮಜ್ಜಿ ಎದ್ರು ಬಾಗ್ಲು ಹಾಕಿದ್ದು ಹಾಲು ಉಕ್ಕಿ ಅಲ್ಲ. ಮುಖ ನೋಡಿ, ಬೇಕು ಅಂತ್ಲೇ ಹಾಕಿದ್ದು. ಇದನ್ನ ತೋರ್ಸಿದ್ರೆ ಅಜ್ಜಿಗೆ ಗೊತ್ತಾಗ್ತದೆ."

ಅತ್ತೆ ತೆಗೆದಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. ಆಮೇಲೆ, "ಅದು ಯಾರ ಮನೆ?" ಎಂದು ಕೇಳಿದಳು.

"ಹೆಸ್ರು ಅಜ್ಜಿ ಹೇಳಲ್ಲ. ನಿಮ್ಮನೆ ಅಲ್ಲ ಬಿಡಿ."

"ನಮ್ಮನೇಲೂ ಹಾಕಿದ್ರು, ಗೇಣಿಯವ್ರಿಗೆ," ಅಂದಳು ಅತ್ತೆ. "ಇದೇ ಬಾಗ್ಲು. ನಾನು ಆಗ ಇನ್ನೂ ಬಂದಿರ್ಲಿಲ್ಲ. ನಮ್ಮತ್ತೆ ಹೇಳ್ತಿದ್ರು, ಮುಖಕ್ಕೆ ಹೊಡ್ದ ಹಾಗೆ ಹಾಕಿದೆ ನೋಡು ಅಂತ. ಕೇಳಿ ಕೇಳಿ ನಂಗೆ ಸಾಕಾಗಿ ಹೋಗಿತ್ತು." ಆ ಮನೆಯಲ್ಲಿ ರಜೆಗಳನ್ನೆಲ್ಲ ಕಳೆದ ನನಗೆ ಅದು ಗೊತ್ತೇ ಇರಲಿಲ್ಲ. ನಾಚಿಕೆಯೋ ಸಂಕಟವೋ, ಮುಖ ಎತ್ತಲು ಆಗಲಿಲ್ಲ. ಅತ್ತೆಯೇ ಎದ್ದಳು. "ಕೂಸೆ, ಇನ್ನೊಂದ್ಸಲ ತೆಗಿ. ಈ ಸಲ ಬಾಯಿ ತಪ್ತಿಲ್ಲೆ."

ಈ ಸಲ ಜೊತೆಗಾತಿಯ ಫೋನನ್ನು ಅಂಗಳದಲ್ಲಿ ನಿಲ್ಲಿಸಿ, ನನ್ನ ಫೋನ್ ಹಿಡಿದು ನಾನು ಬಾಗಿಲಿನ ಒಳಗೆ ನಿಂತೆ. ಅತ್ತೆ ಹೊಸ್ತಿಲವರೆಗೆ ಹೋದಳು. ಅಂಗಳದಲ್ಲಿ ನಿಂತವಳ ಮುಖವನ್ನು ಪೂರ್ತಿ ನೋಡಿದಳು. ಬಾಗಿಲು ಎಳೆದು ಚಿಲಕ ಹಾಕಿದಳು. ಜೋರಾಗಿ ಅಲ್ಲ. ಹಾಕಿದ ಮೇಲೆ ಚಿಲಕದ ಮೇಲಿನ ಕೈ ತೆಗೆಯದೆ, ಬೆನ್ನು ನನ್ನ ಕಡೆ ಮಾಡಿ, ಅಲ್ಲೇ ನಿಂತಳು. ಕಟ್ ಅನ್ನಬೇಕಾದವಳು ನಾನು. ಅನ್ನುವುದನ್ನೇ ಮರೆತೆ. ಕೊನೆಗೆ ಅವಳೇ ತಿರುಗದೆ, "ಆತನೇ, ಮುಗೀತಾ?" ಎಂದು ಕೇಳಿದಾಗ ಎಚ್ಚರವಾಯಿತು. ಬಾಗಿಲು ತೆಗೆದ ಮೇಲೆ ಜೊತೆಗಾತಿಗೆ ಆಸರಿಗೆ ಕೊಟ್ಟಳೇ ಎಂದು ಕೇಳಬೇಡಿ, ಊಟ ಹಾಕದೆ ಬಿಡಲಿಲ್ಲ.

ಎಡಿಟ್ ಮಾಡುವಾಗ ನಮ್ಮಿಬ್ಬರಿಗೂ ಮತ್ತೆ ಜಗಳ ಹತ್ತಿಕೊಂಡಿತು. ಬಾಗಿಲು ಹಾಕಿದಲ್ಲಿಗೆ ಮುಗಿಯಬೇಕು ಎಂದು ಅವಳು. ಅತ್ತೆ ನಿಂತ ಆ ಬೆನ್ನು ಇರಲೇಬೇಕು ಎಂದು ನಾನು. "ಒಳಗಿಂದು ಅಜ್ಜಿ ನೋಡೇ ಇಲ್ಲ. ಅದು ನಮ್ ಕಥೆ ಅಲ್ಲ," ಎಂದಳು. ಅವಳ ಮಾತು ಸರಿ ಎಂದು ಗೊತ್ತಿದ್ದೂ ನಾನು ಸೋಲಲಿಲ್ಲ. ನಾನು ತೆಗೆದ ಚಿತ್ರಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಅಜ್ಜಿ ಬೇಡ ಅಂದರೆ ಅಲ್ಲೇ, ಅವರೆದುರೇ ಅಳಿಸುತ್ತೇನೆ ಎಂದು ಒಪ್ಪಿಸಿದೆ.

ಕವಲೇದುರ್ಗದ ಬಸ್ಸಿಳಿದು ಅವಳ ಮನೆಗೆ ಹೋದೆವು. ಅಜ್ಜಿ ಕಾಲು ಚಾಚಿ ಕೂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊಮ್ಮಗಳು ಬುಟ್ಟಿ ಹೊತ್ತು ಬರುವುದನ್ನು ನೋಡಿ, "ಇಷ್ಟು ಸಣ್ಣ ಸೌತೆಕಾಯಿ ಒಡೇರ ಮನೆಗೆ ಯಾರು ಒಯ್ತಾರೆ?" ಎಂದು ಬೈದರು. ಅತ್ತೆ ಹೊಸ್ತಿಲಿಗೆ ಬಂದಾಗ ಮಾತು ನಿಂತಿತು. ಬಾಗಿಲು ಹಾಕಿಕೊಂಡಿತು. ಅಜ್ಜಿ ತಲೆಯಾಡಿಸಿದರು. "ಹಿಂಗೇ. ಹಿಂಗೇ ನೋಡಿದ್ರು."

ಆಮೇಲೆ ಒಳಗಿನ ಚಿತ್ರ ಬಂತು. ಚಿಲಕದ ಮೇಲೆ ಕೈ, ಅಲುಗಾಡದ ಬೆನ್ನು. ಅಜ್ಜಿ ಫೋನನ್ನು ಮುಖದ ಹತ್ತಿರ ತಂದರು.

"ಇವ್ರು ಒಳಗೆ ಹೋಗ್ಲಿಲ್ವಾ?"

ಜೊತೆಗಾತಿ ಸುಳ್ಳು ಹೇಳುವವಳಲ್ಲ. "ಅದು ನಿಜ ಅಲ್ಲ ಅಜ್ಜಿ. ಇವ್ಳು ಕಟ್ ಅನ್ನಕ್ಕೆ ಮರ್ತ್ಲು. ಅವ್ರು ಸುಮ್ನೆ ಕಾಯ್ತಿದ್ರು. ಬೇಡ ಅಂದ್ರೆ ತೆಗಿತೀವಿ." ನಾನು ಬೆರಳು ಮುಂದೆ ಮಾಡಿಕೊಂಡೇ ಕೂತಿದ್ದೆ.

ಅಜ್ಜಿ ಫೋನು ಕೊಡಲಿಲ್ಲ. ಚಿತ್ರ ಮುಗಿದು ಪರದೆ ಕಪ್ಪಾದ ಮೇಲೂ ಅದನ್ನೇ ನೋಡುತ್ತಿದ್ದರು.

"ಇರ್ಲಿ, ತೆಗಿಬೇಡಿ," ಅಂದರು. "ಅವ್ರೂ ಹಿಂಗೇ ನಿಂತಿದ್ರೋ ಏನೋ. ನಂಗೆ ಹೊರಗಿಂದ ಕಾಣ್ತಿತ್ತಾ?"