ಕೆರೆಗೆ ಮುಖ ಮಾಡಿದ ಕಿಟಕಿ

ನಮ್ಮ ಪರದೆ ಅಕ್ಕ ಕಿಟಕಿ ನೋಡಿದ ಕೂಡಲೇ ಆ ಮನೆಯವರ ಮುಂದಿನ ವರ್ಷದ ಭವಿಷ್ಯ ಹೇಳಿಬಿಡುತ್ತಿದ್ದಳು. ಕೆರೆಯ ದಡದಲ್ಲಿ ಹೊಸದಾಗಿ ಮನೆ ಕೊಂಡವರು ಅವಳನ್ನು ಕರೆಸಿ, "ತೆಳ್ಳಗಿರ್ಲಿ, ನೀರು ಕಾಣ್ಬೇಕು" ಅನ್ನುತ್ತಿದ್ದರು. ಅವಳು ಈರುಳ್ಳಿ ಸಿಪ್ಪೆಯಂಥ ಬಟ್ಟೆ ತಂದು ಹೊಲಿದು ಕೊಡುತ್ತಿದ್ದಳು. ವರ್ಷ ತುಂಬುವುದರೊಳಗೆ ಅದೇ ಮನೆಯಿಂದ ಮತ್ತೆ ಕರೆ ಬರುತ್ತಿತ್ತು: "ಸ್ವಲ್ಪ ದಪ್ಪದ್ದು ಹೊಲ್ಕೊಡಿ." ಬಿಸಿಲು ಹೊಡೆಯುತ್ತದೆ ಎಂದು ಕೆಲವರು, ಗಾಳಿ ಎಂದು ಕೆಲವರು ನೆಪ ಹೇಳುತ್ತಿದ್ದರು. ಹಲ್ಲಿನ ಡಾಕ್ಟರ ಹೆಂಡತಿಯೊಬ್ಬಳು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ, "ಯಾವಾಗ ನೋಡಿದ್ರೂ ಅದು ಅಲ್ಲೇ ಇರುತ್ತೆ ಕಣ್ರೀ."

ನಾವು ಊರಿನ ಬೆನ್ನಿನ ಕಡೆಯ ಬಡಾವಣೆಯವರು. ಅಕ್ಕ ನನ್ನ ಪಕ್ಕದ ಮನೆಯಲ್ಲಿದ್ದಳು. ಮನೆ ಮಾರುವವರು ಅದನ್ನು ಸರೋವರ ಅನ್ನುತ್ತಾರೆ, ನಾವು ಕೆರೆ ಅಂದು ಸುಮ್ಮನಾಗುತ್ತೇವೆ. ಆದರೂ ನೆಂಟರ ಮುಂದೆ "ಕೆರೆಯಿಂದ ಅರ್ಧ ಗಂಟೆ ಅಷ್ಟೆ" ಎಂದು ಕೊಚ್ಚಿಕೊಳ್ಳದವರು ನಮ್ಮಲ್ಲಿ ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ, ದಡದ ಕಟ್ಟೆಯ ಮೇಲೆ ಕೂತು, ಬಾಲ್ಕನಿಯವರನ್ನು ನೋಡಿ ಹೊಟ್ಟೆ ಉರಿಸಿಕೊಂಡು ವಾಪಸ್ಸು ಬರುತ್ತಿದ್ದೆವು.

ಆ ಬಸ್ಸು ಓಡಿಸುತ್ತಿದ್ದದ್ದು ಅಕ್ಕನ ಗಂಡ, ನಮಗೆಲ್ಲ ಡ್ರೈವರ್ ಭಾವ. ಕೊನೆಯ ನಿಲ್ದಾಣದಲ್ಲಿ ಜನ ಇಳಿದು ನೀರಿನ ಕಡೆ ಓಡುತ್ತಿದ್ದರೆ ಭಾವ ಬಸ್ಸು ತಿರುಗಿಸಿ, ಕೆರೆಗೆ ಬೆನ್ನು ಹಾಕಿ ಹೊರಡಬೇಕಿತ್ತು. ಜೀವಮಾನವೆಲ್ಲ ಅದನ್ನು ಕನ್ನಡಿಯಲ್ಲೇ ನೋಡಿದೆ ಎನ್ನುತ್ತಿದ್ದರು. ನಿವೃತ್ತಿಯಾದದ್ದೇ ತಡ, ಹಟಕ್ಕೆ ಬಿದ್ದರು.

"ಕೊನೆಗಾಲಕ್ಕಾದ್ರೂ ಅದರ ಎದುರಿಗೆ ಕೂತ್ಕೋತೀನಿ."

"ಆ ಮನೆಗಳಿಗೆ ಪರದೆ ಹೊಲಿಯೋಳು ನಾನು. ದೂರದ ಬೆಟ್ಟ ನುಣ್ಣಗೆ ರೀ, ಸುಮ್ನಿರಿ" ಎಂದಳು ಅಕ್ಕ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆ ಇವರಿಬ್ಬರನ್ನು ನೋಡಿಯೇ ಹುಟ್ಟಿದ್ದು ಎಂದು ನಾವು ನಗುತ್ತಿದ್ದೆವು. ಗೆದ್ದದ್ದು ಕೋಣವೇ. ದಡದ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು. ಸಾಮಾನು ಇಳಿಸಿದ ದಿನ ಭಾವ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಮಗುವಿನ ಹಾಗೆ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ತಿಂಗಳೊಪ್ಪತ್ತಿನಲ್ಲಿ ಭಾವನ ಮಾತು ಕಡಿಮೆಯಾಯಿತು. ನಾನು ಹೋದಾಗ ತಲೆಯನ್ನೂ ತಿರುಗಿಸದೆ ಹೇಳಿದರು, "ಮೊನ್ನೆ ನೀರಲ್ಲಿರೋ ಆ ಕರಿಕಲ್ಲು ಪೂರ್ತಿ ಕಾಣ್ತಿತ್ತು. ಇವತ್ತು ನೆತ್ತಿ ಮಾತ್ರ. ಅದು ಹತ್ರ ಬರ್ತಿದೆ."

"ಬೇಸಿಗೇಲಿ ಯಾವ ಕೆರೆ ಏರುತ್ತೆ ಭಾವ?" ಎಂದು ನಕ್ಕೆ.

ನೀರು ಏರಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಆ ಕಲ್ಲನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಊಟಕ್ಕೆ ಕರೆದರೆ ಅವರು ಏಳುತ್ತಿರಲಿಲ್ಲ. ತಾನು ಕಣ್ಣು ತೆಗೆದರೆ ಅದು ಇನ್ನಷ್ಟು ಮುಂದೆ ಬರುತ್ತದೆ ಎನ್ನುತ್ತಿದ್ದರು. ಬ್ರೇಕಿನ ಮೇಲೆ ಇಟ್ಟ ಹಾಗೆ ಅವರ ಬಲಗಾಲು ನೆಲವನ್ನು ಒತ್ತಿಕೊಂಡೇ ಇತ್ತು. ಆ ಕಾಲು ನೋಡಿ ನನಗೆ ಭಯವಾಯಿತು. ಅಕ್ಕನಿಗೆ ಏನೂ ಹೇಳದೆ ಚಹಾ ಕುಡಿದು ಬಂದೆ.

ಅವಳಿಗೆ ನಾನು ಹೇಳಬೇಕಾಗಿಯೂ ಇರಲಿಲ್ಲ. ಗಂಡ ಕೈತಪ್ಪಿ ಹೋಗುತ್ತಿದ್ದಾನೆ ಎಂದು ಅವಳ ಜೀವ ಹಾರಿಹೋಗಿತ್ತು. ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದಳು, ದಪ್ಪ ಪರದೆ ಹೊಲಿದು ಹಾಕಿದಳು. ಅವರು ಸರಿಸಿದರು. ಅವಳು ಎಳೆದಳು, ಅವರು ಮತ್ತೆ ಸರಿಸಿದರು. ಒಂದು ಬೆಳಿಗ್ಗೆ ಅಕ್ಕನಿಗೆ ರೇಗಿಹೋಯಿತು. ಸ್ಟೂಲು ಹತ್ತಿ ನಿಂತು, ಎರಡು ಪರದೆಗಳನ್ನೂ ನಡುವೆ ಸೇರಿಸಿ ಮೇಲಿನಿಂದ ಕೆಳಗಿನವರೆಗೆ ಹೊಲಿದುಬಿಟ್ಟಳು. ಅಂಚುಗಳನ್ನು ಚೌಕಟ್ಟಿಗೆ ಸೇರಿಸಿ ಮೊಳೆ ಹೊಡೆದಳು.

"ಇನ್ನು ಅದೇನು ನೋಡ್ತೀರೋ ನೋಡಿ" ಎಂದಳು.

ಭಾವ ಜಗಳಕ್ಕೆ ಬರಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ಬಟ್ಟೆಯನ್ನೇ ನೋಡಿದರು. ರಾತ್ರಿ ಕರೆದ ಕೂಡಲೇ ಎದ್ದು ಬಂದು ಹೊಟ್ಟೆ ತುಂಬ ಉಂಡರಂತೆ. ಅಕ್ಕ ನನಗೆ ಫೋನು ಮಾಡಿ, "ದಾರಿಗೆ ಬಂದ್ರು ಕಣೇ" ಎಂದಳು. ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಸಂತೋಷವಿತ್ತು. ನಾನೂ ಶಹಬ್ಬಾಸ್ ಎಂದೆ.

ಮರುದಿನ ಮಧ್ಯಾಹ್ನ ಅಕ್ಕ ಆ ಕಿಟಕಿಗೇ ಮಿಷಿನ್ನು ಆನಿಸಿಕೊಂಡು, ಹಾಡಹಗಲಲ್ಲಿ ದೀಪ ಹಾಕಿಕೊಂಡು, ಯಾರದೋ ಹೊಸ ಮನೆಯ ತೆಳು ಪರದೆಗೆ ಅಂಚು ಮಡಿಸುತ್ತಿದ್ದಳು. ಭಾವ ಎದ್ದು ನಿಂತರು. "ಇಲ್ಲಿಂದ ಏನೂ ಕಾಣಲ್ಲ. ಎಲ್ಲಿಗೆ ಬಂದಿದೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ."

ಸೂಜಿಗೆ ದಾರ ಪೋಣಿಸುತ್ತಿದ್ದ ಅಕ್ಕ ಹೂಂ ಅಂದಳು. ಎರಡು ಹೆಜ್ಜೆ ನಡೆದಾಡಿದರೆ ಒಳ್ಳೆಯದೇ ಎಂದುಕೊಂಡಳಂತೆ. ಆಮೇಲೆ ಮಿಷಿನ್ನಿನ ಸದ್ದಿನಲ್ಲಿ ಅವಳಿಗೆ ಬೇರೆ ಏನೂ ಕೇಳಲಿಲ್ಲ. ಅಂಚು ಮುಗಿಸಿ, ಚಹಾ ಮಾಡಿ, ಎರಡು ಲೋಟಕ್ಕೆ ಸೋಸುತ್ತಿದ್ದಾಗ ಬಾಗಿಲಲ್ಲಿ ಜನ ಸೇರಿದರು.

ಕೆಳಗಿನ ಮೆಟ್ಟಿಲುಗಳೆಲ್ಲ ಪಾಚಿಗಟ್ಟಿದ್ದವು. ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಭಾವನನ್ನು ಮೇಲೆ ತಂದು ಮಲಗಿಸಿ ಬಟ್ಟೆ ಹೊದಿಸಿದ್ದರು. ಅಕ್ಕ ಪಕ್ಕದಲ್ಲಿ ಕೂತಿದ್ದಳು, ಅಳುತ್ತಿರಲಿಲ್ಲ. ದೋಣಿ ನಿಲ್ಲುವ ಜಾಗದ ಕಾವಲುಗಾರ ಅವಳ ಮುಂದೆ ಕೈಕಟ್ಟಿ ನಿಂತು, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದ.

"ನಾನು ನೋಡಿದೆ ಅಮ್ಮಾ. ಸೊಂಟದ ತನಕ ನೀರಲ್ಲಿದ್ರು. ನಿಮ್ಮ ಕಿಟಕಿ ಕಡೆಗೇ ತಿರುಗಿ ಕೈ ಬೀಸ್ತಾ ಇದ್ರು. ತುಂಬ ಹೊತ್ತು ಬೀಸಿದ್ರು. ಪರದೆ ಮೇಲ್ಗಡೆ ದೀಪ ಕಾಣ್ತಿತ್ತು. ಒಳಗಿಂದ ನೀವು ನೋಡ್ತಾ ಇದೀರಿ ಅಂದ್ಕೊಂಡು ನಾನು ಊಟಕ್ಕೆ ಹೋದೆ."