ಹೊಸದಾದ ಹಳೆ ಗಡಿಯಾರ

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಹಣಮಂತರಾಯ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದಾನೆ. ಬಂದದ್ದನ್ನು ಹೊಸದರಂತೆ ಮಾಡಿ ಕೊಡುವುದು ಅವನ ಹೆಮ್ಮೆ. ಗಿರಾಕಿಗಳೂ ಅದನ್ನೇ ಕೇಳುತ್ತಾರೆ. ಅವನ ಬಳಿ ಅರವತ್ತರ ದಶಕದ ಸ್ವಿಸ್ ಕೈಗಡಿಯಾರವೊಂದಿತ್ತು. ಸಮುದ್ರದಲ್ಲಿ ಮುಳುಗು ಹಾಕುವವರಿಗೆಂದು ಮಾಡಿದ್ದು; ನೀರಿನಡಿ ಕಳೆದ ಹೊತ್ತನ್ನು ಅಳೆಯಲು ಡಯಲಿನ ಸುತ್ತ ತಿರುಗುವ ಬಳೆಯಿತ್ತು. ಫೋಟೊ ನೋಡಿದ ಸೇಡಂನ ಹಳೆ ಗಡಿಯಾರಗಳ ಸಂಗ್ರಾಹಕನೊಬ್ಬ ಕೊಳ್ಳಲು ಬರುತ್ತೇನೆಂದ. ಆ ಹಣದಿಂದಲೇ ಹೆಂಡತಿ ಉಮಾದೇವಿಯ ಮೊಣಕಾಲಿನ ಆಪರೇಷನ್ ಆಗಬೇಕಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅದಕ್ಕೆ ದಿನಾಂಕವೂ ನಿಗದಿಯಾಗಿತ್ತು.

ಮನೆಗೆ ಬರುವವನ ಕೈಗೆ ಮಾಸಿದ್ದನ್ನು ಕೊಡುವುದು ಹೇಗೆಂದು ಹಣಮಂತರಾಯ ಎರಡು ದಿನ ಕೂತು ಕೇಸನ್ನು ಪಾಲಿಶ್ ಮಾಡಿದ. ಡಯಲನ್ನು ಉಜ್ಜಿ ಕಪ್ಪು ಬಣ್ಣ ಬಳಿದ. ಹಳತಾಗಿ ಜೇನುಬಣ್ಣಕ್ಕೆ ತಿರುಗಿದ್ದ ಗಂಟೆಯ ಚುಕ್ಕೆಗಳನ್ನು ಬೆಳ್ಳಗೆ ಮಾಡಿದ.

ಬಂದವನು ಭೂತಗನ್ನಡಿಯಲ್ಲಿ ನೋಡಿ ಗಡಿಯಾರವನ್ನು ಕೆಳಗಿಟ್ಟ. "ಏನ್ ಮಾಡಿದ್ರಿ ಕಾಕಾ! ಆ ಹಳೀ ಬಣ್ಣಕ್ಕೇ ಕಿಮ್ಮತ್ತಿತ್ರಿ."

"ಭಾಳ ಹೊಲಸಾಗಿತ್ತಪ್ಪ."

"ಆ ಹೊಲಸೇ ಬೇಕಾಗಿತ್ತು ನನಗ. ಇದನ್ನ ಒಯ್ದು ಏನ್ ಮಾಡ್ಲಿ?"

ಅವನು ಚಹಾ ಕೂಡ ಕುಡಿಯದೆ ಹೋದ. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಉಮಾದೇವಿ ಗೋಡೆ ಹಿಡಿದು ಹೊರಬಂದಳು.

"ದವಾಖಾನಿಗಿ ಫೋನ್ ಹಚ್ರಿ, ಬರಂಗಿಲ್ಲ ಅಂತ ಹೇಳ್ರಿ. ಆ ದಿನ ಬ್ಯಾರೇದವರಿಗರ ಸಿಗಲಿ."

ಹಣಮಂತರಾಯ ಫೋನ್ ಹಚ್ಚಿದ.