ಆಯಿಯ ಕುದುರೆದಾರಿ

ಹೋದ ವಾರ ಚಿಂಚಲಿಯ ಚಹಾದಂಗಡಿ ಮುಂದೆ ಕಟ್ಟಿದ್ದ ಕುದುರೆಯೊಂದು ಮೈ ಕೊಡವಿತು. ಬೆವರು, ಒಣಹುಲ್ಲು, ತೊಯ್ದ ಕಂಬಳಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುರಿಗಾರರ ಮುದುಕಿ ಆಯಿ ನೆನಪಾದಳು...

ನಾನಾಗ ನಿಪ್ಪಾಣಿ ಕಡೆಯ ಗುಡ್ಡದ ಕಾಡಿನಲ್ಲಿ ಹೊಸ ಫಾರೆಸ್ಟ್ ಗಾರ್ಡ್. ಗುಡ್ಡ ಹತ್ತಿ ಆಚೆ ಇಳಿಯುವ ಹಳೆಯ ದಾರಿಯೊಂದಿತ್ತು. ಹಿಂದೆ ತಂಬಾಕಿನ ಹೇರು ಹೊತ್ತ ಕುದುರೆಗಳು ಅದರಲ್ಲೇ ಓಡಾಡುತ್ತಿದ್ದವಂತೆ. ಕಾಡನ್ನು ರಕ್ಷಿತ ಪ್ರದೇಶ ಮಾಡಿದ ಮೇಲೆ ತಂತಿಬೇಲಿ, ಗೇಟು, ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬಂದವು. ಗುಡ್ಡದ ಆಚೆ ಮಗ್ಗುಲಿಗೆ ಆಯಿಯ ಮಗಳ ಮನೆ. ಮೊಣಕಾಲು ನೋವಿನ ಆಯಿ ಅಲ್ಲಿಗೆ ಕುದುರೆ ಮೇಲೆಯೇ ಹೋಗುತ್ತಿದ್ದಳು. ಒಂದು ದಿನ ನಾನು ಗೇಟಿನಲ್ಲಿ ತಡೆದೆ.

"ಈ ದಾರಿ ಮಾಡಿದ್ದು ಕುದುರಿಗೋಳು ತಮ್ಮಾ. ನಿಮ್ಮ ಬೋರ್ಡ್ ಮೊನ್ನಿ ಬಂದೈತಿ," ಎಂದಳು.

"ನನ್ನ ಕೈಯಾಗ ಏನಿಲ್ಲ ಆಯಿ."

ಅವಳು ಕುದುರೆ ತಿರುಗಿಸಿ ಗುಡ್ಡ ಸುತ್ತಿ ಹೋಗುವ ಹೆದ್ದಾರಿ ಹಿಡಿದಳು. ಕಬ್ಬಿನ ಟ್ರ್ಯಾಕ್ಟರಿನ ಹಾರ್ನಿಗೆ ಕುದುರೆ ಬೆದರಿತು. ಆಯಿ ಬಿದ್ದು ಮುಂಗೈ ಮುರಿದುಕೊಂಡಳು. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಕೈಯ ಕಟ್ಟು ಬಿಚ್ಚಿದ ಮೇಲೆ ನಾನೇ ಅವಳನ್ನು ನಮ್ಮ ಸಾಹೇಬರ ಹತ್ತಿರ ಕರೆದೊಯ್ದೆ. ಅವರು ಮೈಸೂರು ಕಡೆಯವರು.

"ಕುದುರೆ ಸಸಿ ತಿನ್ನುತ್ತಲ್ಲಮ್ಮ," ಎಂದರು.

ಆಯಿ ಚೀಲದಿಂದ ಹಗ್ಗದ ಬಾಯಿಬಲೆ ತೆಗೆದಳು. "ಇದನ್ನ ಕಟ್ತೀನ್ರಿ. ಲದ್ದಿನೂ ತುಂಬ್ಕೊಂಡ ಹೋಗ್ತೀನಿ."

ಅದು ಹಳೆಯ ಕುದುರೆದಾರಿ ಎನ್ನುವುದಕ್ಕೆ ಪುರಾವೆ ಏನೆಂದು ಅವರು ಕೇಳಿದರು.

"ನಡೀರಿ ಸಾಹೇಬ್ರ, ತೋರಿಸ್ತೀನಿ."

ಅರ್ಧ ಗುಡ್ಡಕ್ಕೇ ಸಾಹೇಬರಿಗೆ ಏದುಸಿರು. ಕುದುರೆ ಮೇಲೆ ಬರುತ್ತಿದ್ದ ಆಯಿ ತಾನಿಳಿದು ಅವರನ್ನು ಹತ್ತಿಸಿ, ನನ್ನ ಹೆಗಲು ಹಿಡಿದು ಕುಂಟುತ್ತ ಬಂದಳು. ಸ್ವಲ್ಪ ದೂರ ಹೋದ ಕುದುರೆ ತಟ್ಟನೆ ಪಕ್ಕದ ಪೊದೆಗೆ ನುಗ್ಗಿತು. "ಅಯ್ಯೋ, ಹಿಡೀರೀ!" ಎಂದು ಸಾಹೇಬರು ಕೂಗಿದರು. ಓಡಿಹೋಗಿ ನೋಡಿದರೆ, ಮುಳ್ಳಿನ ನಡುವೆ ಕಲ್ಲಿನ ನೀರುತೊಟ್ಟಿ. ಪಕ್ಕದಲ್ಲಿ ಹಿಂದೆ ಕುದುರೆ ಕಟ್ಟುತ್ತಿದ್ದ, ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲುಗೂಟಗಳ ಸಾಲು. ದಿನಾ ತಿರುಗುವ ನನಗೇ ಅದು ಕಂಡಿರಲಿಲ್ಲ. ಕುದುರೆ ಬಗ್ಗಿ ನೀರು ಕುಡಿಯತೊಡಗಿತು. ಸಾಹೇಬರು ಅದರ ಬೆನ್ನ ಮೇಲೆಯೇ ಕೂತು ಹೊಟ್ಟೆ ಹಿಡಿದು ನಕ್ಕರು.

ಅವರು ಮೇಲಿನವರಿಗೆ ಬರೆದರು. ಎಷ್ಟೋ ತಿಂಗಳ ಮೇಲೆ ಆದೇಶ ಬಂತು. ಬಾಯಿಬಲೆ ಕಟ್ಟಿದರೆ ಕುದುರೆ ಹೋಗಬಹುದು, ದಾರಿ ಬಿಟ್ಟು ಇಳಿಯಬಾರದು. ನಾನು ಓದಿ ಹೇಳಿದಾಗ ಆಯಿ ಬೊಚ್ಚು ಬಾಯಿ ತುಂಬ ನಕ್ಕಳು: "ಕುದುರಿಗೆ ಪಾಸ್ ಬಂತು ನೋಡಪಾ! ನನ್ನ ಬಸ್ಸಿನ ಪಾಸ್ ಇನ್ನೂ ಬಂದಿಲ್ಲ."

ಆಮೇಲೆ ಗೇಟು ದಾಟುವಾಗಲೆಲ್ಲ ಮಗಳ ಮನೆಗೆ ಊಟಕ್ಕೆ ಕರೆಯುತ್ತಿದ್ದಳು. ಡ್ಯೂಟಿ ಮುಗಿಯಲಿ ಎನ್ನುತ್ತಿದ್ದೆ. ಮುಗಿಯಲೇ ಇಲ್ಲ... ನನಗೆ ರಾಯಬಾಗಕ್ಕೆ ವರ್ಗವಾಯಿತು, ಆಯಿ ತೀರಿಕೊಂಡಳು.

ಮೊನ್ನೆ ರವಿವಾರ ಗುಡ್ಡ ಹತ್ತಿ ಆಚೆ ಇಳಿದೆ. ದೂರದೂರಿನ ಸವಾರರಿಬ್ಬರು ಬಾಯಿಬಲೆ ಕಟ್ಟಿದ ಕುದುರೆಗಳನ್ನು ಬದಿಗೆ ಸರಿಸಿ ನನಗೆ ದಾರಿ ಬಿಟ್ಟರು. ಆಯಿಯ ಮಗಳು ಬಿಸಿ ರೊಟ್ಟಿ ಬಡಿದು ತಾಟಿಗೆ ಹಾಕಿದಳು.

"ಗಾರ್ಡ್ ಸಾಹೇಬ್ರ ಇವತ್ತ ಬರ್ತಾರ ಅಂತ ಅವ್ವ ಎಷ್ಟೋ ಸಲ ಒಂದ ರೊಟ್ಟಿ ಹೆಚ್ಚಿಗಿ ಮಾಡಸ್ತಿದ್ಳ್ರಿ," ಎಂದಳು.

ನಾನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.